ಮಿಕ್ಕುವ ಹಗುರ ನಾಫ್ತಾಗೆ ಬೆಲೆ ತರುವುದು ಹೇಗೆ?

ನಾಫ್ತಾ, ಕಂಡೆನ್ಸೇಟ್, ನ್ಯಾಚುರಲ್ ಗ್ಯಾಸೋಲಿನ್. ತೈಲದ ಸುದ್ದಿಗಳಲ್ಲಿ ಈ ಹೆಸರುಗಳು ಈಗ ಮೊದಲಿಗಿಂತ ಜಾಸ್ತಿ ಕಾಣಿಸುತ್ತಿವೆ. ಮೂರೂ ನೀರಿಗಿಂತ ತೆಳ್ಳಗಿನ, ಬಣ್ಣ ಕಡಿಮೆಯಿರುವ, ಕಿಡಿ ತಗುಲಿದರೆ ಭಗ್ಗನೆ ಹತ್ತಿಕೊಳ್ಳುವ ದ್ರವಗಳು. ನೋಡಿದರೆ ಪೆಟ್ರೋಲ್ ಇದ್ದ ಹಾಗೇ ಇರುತ್ತವೆ. ಆದರೆ ಇವನ್ನು ನೇರವಾಗಿ ಪೆಟ್ರೋಲ್ ಎಂದು ಮಾರಲು ಆಗುವುದಿಲ್ಲ. ಎಷ್ಟೋ ಸಲ ಕಚ್ಚಾ ತೈಲಕ್ಕಿಂತ ಅಗ್ಗವಾಗಿ ಮಾರಬೇಕಾಗುತ್ತದೆ. ತೈಲ ಶುದ್ಧೀಕರಿಸುವ ರಿಫೈನರಿಗಳಿಗೆ ಇದೊಂದು ದೊಡ್ಡ ಲೆಕ್ಕಾಚಾರ. ಇಷ್ಟು ಚೆನ್ನಾಗಿ ಉರಿಯುವ ವಸ್ತುವಿಗೆ ಬೆಲೆ ಯಾಕಿಲ್ಲ, ಬೆಲೆ ಬರುವ ಹಾಗೆ ಮಾಡುವುದು ಹೇಗೆ? ಬುಡದಿಂದ ನೋಡೋಣ.

## ಮೊದಲು, ಇದು ಯಾವ ದ್ರವ?

ಕಚ್ಚಾ ತೈಲವಾಗಲಿ ನೈಸರ್ಗಿಕ ಅನಿಲವಾಗಲಿ, ಅದರಲ್ಲಿ ಇರುವುದು ಮುಖ್ಯವಾಗಿ ಕಾರ್ಬನ್ ಮತ್ತು ಹೈಡ್ರೋಜನ್ ಪರಮಾಣುಗಳು ಸೇರಿ ಆದ ಅಣುಗಳು. ಇವಕ್ಕೆ ಹೈಡ್ರೋಕಾರ್ಬನ್ ಎಂದು ಹೆಸರು. ಒಂದು ಅಣುವಿನಲ್ಲಿ ಎಷ್ಟು ಕಾರ್ಬನ್ ಇವೆ ಅನ್ನುವುದರ ಮೇಲೆ ಅದರ ಸ್ವಭಾವ ನಿಂತಿದೆ. ಒಂದರಿಂದ ನಾಲ್ಕು ಕಾರ್ಬನ್ ಇರುವ ಮೀಥೇನ್, ಈಥೇನ್, ಪ್ರೋಪೇನ್, ಬ್ಯೂಟೇನ್ ಸಾಮಾನ್ಯ ಶಾಖದಲ್ಲಿ ಅನಿಲ. ಐದು ಕಾರ್ಬನ್‌ನ ಪೆಂಟೇನ್ 36 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಆರು ಕಾರ್ಬನ್‌ನ ಹೆಕ್ಸೇನ್ 69 ಡಿಗ್ರಿಯಲ್ಲಿ. ಕಾರ್ಬನ್ ಹೆಚ್ಚಿದಂತೆ ಕುದಿಯುವ ಶಾಖವೂ ಏರುತ್ತದೆ. ವಿಮಾನ ಇಂಧನ, ಡೀಸೆಲ್‌ಗಳ ಅಣುಗಳು ಇದರ ದುಪ್ಪಟ್ಟು, ಇನ್ನೂ ಹೆಚ್ಚು ಉದ್ದ.

ನಾವು ಇಲ್ಲಿ ಮಾತಾಡುತ್ತಿರುವುದು ಹೆಚ್ಚಾಗಿ ಐದು ಮತ್ತು ಆರು ಕಾರ್ಬನ್‌ಗಳ ದ್ರವದ ಬಗ್ಗೆ. ದ್ರವಗಳಲ್ಲೆಲ್ಲ ಇವೇ ಹಗುರ. ಇವು ಮೂರು ಕಡೆಯಿಂದ ಬರುತ್ತವೆ. ರಿಫೈನರಿಯಲ್ಲಿ ಕಚ್ಚಾ ತೈಲವನ್ನು ಕಾಯಿಸಿ ಬೇರ್ಪಡಿಸುವಾಗ ಗೋಪುರದ ಮೇಲ್ತುದಿಯಲ್ಲಿ ಸಿಗುವುದು ಹಗುರ ನಾಫ್ತಾ. ಅನಿಲ ಬಾವಿಯ ಆಳದಲ್ಲಿ ಒತ್ತಡ, ಶಾಖ ಜಾಸ್ತಿ ಇರುವುದರಿಂದ ಕೆಲವು ಅಣುಗಳು ಅನಿಲದ ರೂಪದಲ್ಲೇ ಇರುತ್ತವೆ, ಮೇಲೆ ಬಂದು ಒತ್ತಡ ಇಳಿದಾಗ ದ್ರವವಾಗುತ್ತವೆ. ಅದು ಕಂಡೆನ್ಸೇಟ್. ಅನಿಲ ಸಂಸ್ಕರಿಸುವ ಘಟಕದಲ್ಲಿ ಪ್ರೋಪೇನ್, ಬ್ಯೂಟೇನ್ ತೆಗೆದ ಮೇಲೆ ಉಳಿಯುವ ದ್ರವ ನ್ಯಾಚುರಲ್ ಗ್ಯಾಸೋಲಿನ್. ಕಂಡೆನ್ಸೇಟ್‌ನಲ್ಲಿ ಸ್ವಲ್ಪ ಭಾರದ ಅಣುಗಳೂ ಇರುತ್ತವೆ. ಆದರೂ ಮೂರಕ್ಕೂ ತಲೆನೋವು ಒಂದೇ.

## ಇಷ್ಟೊಂದು ಎಲ್ಲಿಂದ ಬಂತು?

ಅಮೆರಿಕದಲ್ಲಿ ಶೇಲ್ ಕಲ್ಲಿನ ಪದರಗಳನ್ನು ಬಿರಿಸಿ ತೈಲ, ಅನಿಲ ತೆಗೆಯುವುದು 2010ರ ನಂತರ ಜೋರಾಯಿತು. ಅಲ್ಲಿ ಸಿಗುವ ತೈಲ ಬಹಳ ಹಗುರ. ದಕ್ಷಿಣ ಟೆಕ್ಸಸ್‌ನ ಈಗಲ್ ಫೋರ್ಡ್ ಪ್ರದೇಶದಿಂದಂತೂ ಕಂಡೆನ್ಸೇಟ್ ಧಾರಾಳವಾಗಿ ಬಂತು. ಆದರೆ ಗಲ್ಫ್ ಕರಾವಳಿಯ ಹಲವು ರಿಫೈನರಿಗಳು ಹೊರಗಿನಿಂದ ತರುವ ಭಾರದ ತೈಲಕ್ಕೆಂದು ಕಟ್ಟಿದವು. ಅಂಥ ಕಡೆ ಹಗುರ ತೈಲ ಹಾಕಿದರೆ ಗೋಪುರದ ಮೇಲ್ಭಾಗಕ್ಕೆ ತಡೆಯಲಾಗದಷ್ಟು ಆವಿ ಏರುತ್ತದೆ. ತಂಪು ಮಾಡುವ ಉಪಕರಣಗಳು ಸಾಲದಾಗುತ್ತವೆ. ಆಗ ಅಮೆರಿಕದಿಂದ ಕಚ್ಚಾ ತೈಲ ರಫ್ತು ಮಾಡಲು ನಿರ್ಬಂಧವೂ ಇತ್ತು. 2014ರಲ್ಲಿ ಸ್ವಲ್ಪ ಸಂಸ್ಕರಿಸಿದ ಕಂಡೆನ್ಸೇಟ್ ಕಳಿಸಲು ಅನುಮತಿ ಸಿಕ್ಕಿತು. 2015ರ ಡಿಸೆಂಬರ್‌ನಲ್ಲಿ ನಿರ್ಬಂಧವನ್ನೇ ತೆಗೆದರು.

ಕತಾರ್‌ನ ಕಥೆ ಬೇರೆ. ಅಲ್ಲಿ ಬೇಕಾಗಿದ್ದು ಅನಿಲ. ಅದರ ಜೊತೆಗೇ ಕಂಡೆನ್ಸೇಟ್ ಬರುತ್ತದೆ, ಬೇಡ ಅನ್ನುವಂತಿಲ್ಲ. ಹಾಗಾಗಿ ರಾಸ್ ಲಫಾನ್‌ನಲ್ಲಿ ಕಂಡೆನ್ಸೇಟ್‌ಗೆಂದೇ ರಿಫೈನರಿ ಕಟ್ಟಿದರು. ಮೊದಲನೆಯದು 2009ರಲ್ಲಿ, ಎರಡನೆಯದು 2016ರಲ್ಲಿ ಶುರುವಾಯಿತು. ಒಂದೊಂದರ ಸಾಮರ್ಥ್ಯ ದಿನಕ್ಕೆ 1,46,000 ಬ್ಯಾರೆಲ್.

ಹೀಗೆ ಸರಬರಾಜು ಹೆಚ್ಚಿದಾಗಲೇ ಬೇಡಿಕೆ ಒಂದು ಕಡೆ ಕುಗ್ಗಿತು. ಪ್ಲಾಸ್ಟಿಕ್‌ನ ಮೂಲವಸ್ತುವಾದ ಎಥಿಲೀನ್ ತಯಾರಿಸಲು ಅಮೆರಿಕದ ಕಾರ್ಖಾನೆಗಳು ನಾಫ್ತಾ ಬಿಟ್ಟು, ಅಗ್ಗದ ಈಥೇನ್ ಕಡೆ ತಿರುಗಿದವು. ಆ ಈಥೇನ್ ಬಂದದ್ದೂ ಅದೇ ಶೇಲ್ ಬಾವಿಗಳಿಂದ.

## ಪೆಟ್ರೋಲ್‌ಗೆ ಸುಮ್ನೆ ಬೆರೆಸಿದರೆ ಆಗಲ್ವಾ?

ಸ್ವಲ್ಪ ಬೆರೆಸಬಹುದು, ಬೆರೆಸುತ್ತಾರೆ ಕೂಡ. ಜಾಸ್ತಿ ಬೆರೆಸಲು ಎರಡು ಅಡ್ಡಿಗಳಿವೆ.

ಮೊದಲನೆಯದು ಆಕ್ಟೇನ್. ಪೆಟ್ರೋಲ್ ಎಂಜಿನ್‌ನಲ್ಲಿ ಪಿಸ್ಟನ್ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಒತ್ತುತ್ತದೆ. ಆಮೇಲೆ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಕಿಡಿಯಿಂದ ಹೊರಟ ಉರಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಾಗವಾಗಿ ಹರಡಬೇಕು. ಅದು ತಲುಪುವ ಮೊದಲೇ ಒತ್ತಡ, ಶಾಖಗಳಿಗೆ ಇಂಧನ ತಾನೇ ಹೊತ್ತಿಕೊಂಡರೆ ಎಂಜಿನ್ ಟಕ್ ಟಕ್ ಎಂದು ಬಡಿದುಕೊಳ್ಳುತ್ತದೆ. ಇದನ್ನು ನಾಕಿಂಗ್ ಅನ್ನುತ್ತಾರೆ. ಹಾಗೇ ಬಿಟ್ಟರೆ ಎಂಜಿನ್ ಕೆಡುತ್ತದೆ. ಒಂದು ಇಂಧನ ಇದನ್ನು ಎಷ್ಟು ಚೆನ್ನಾಗಿ ತಡೆಯುತ್ತದೆ ಅನ್ನುವ ಅಳತೆಯೇ ಆಕ್ಟೇನ್ ಸಂಖ್ಯೆ. 1926ರಲ್ಲಿ ಗ್ರಹಾಂ ಎಡ್ಗರ್ ಎಂಬ ರಸಾಯನಶಾಸ್ತ್ರಜ್ಞ ಸೂಚಿಸಿದ ದಾರಿ ಇದು: ಸುಲಭವಾಗಿ ಬಡಿಯುವ ಹೆಪ್ಟೇನ್‌ಗೆ 0, ಚೆನ್ನಾಗಿ ತಡೆಯುವ ಐಸೊಆಕ್ಟೇನ್‌ಗೆ 100.

ಈ ಅಳತೆಯಲ್ಲಿ ಪೆಂಟೇನ್‌ಗೆ ಸಿಗುವುದು ಸುಮಾರು 62. ಹೆಕ್ಸೇನ್‌ಗೆ ಬರೀ 25. ಹಗುರ ನಾಫ್ತಾ ಒಟ್ಟಾಗಿ 60ರಿಂದ 70ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಾರುಗಳು ಕೇಳುವುದು 90ಕ್ಕಿಂತ ಮೇಲೆ.

ಹಿಂದೆ ಇದು ಇಷ್ಟು ದೊಡ್ಡ ಸಮಸ್ಯೆಯಾಗಿರಲಿಲ್ಲ. ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತಕ್ಕೆ ನಾಕಿಂಗ್ ತಡೆಯುವ ಗುಣವಿದೆ ಎಂದು 1921ರಲ್ಲಿ ಗೊತ್ತಾಯಿತು. ಅದನ್ನು ಚೂರು ಬೆರೆಸಿದರೆ ಹಗುರ ನಾಫ್ತಾದ ಆಕ್ಟೇನ್ ಕೂಡ ಚೆನ್ನಾಗಿ ಏರುತ್ತಿತ್ತು. ಆದರೆ ಸೀಸ ವಿಷ. ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ. 1970ರ ದಶಕದಿಂದ ಒಂದೊಂದೇ ದೇಶ ಅದನ್ನು ಬಿಡುತ್ತಾ ಬಂತು. ಕೊನೆಗೆ ಅಲ್ಜೀರಿಯ 2021ರಲ್ಲಿ ಕಾರುಗಳ ಸೀಸದ ಪೆಟ್ರೋಲ್ ಮಾರಾಟ ನಿಲ್ಲಿಸಿತು. ಬಿಟ್ಟದ್ದು ಖಂಡಿತ ಒಳ್ಳೆಯದೇ. ಅದರ ಜೊತೆಗೆ ಹಗುರ ನಾಫ್ತಾಗೆ ಇದ್ದ ಅಗ್ಗದ ಊರುಗೋಲೂ ಹೋಯಿತು.

ಎರಡನೆಯ ಅಡ್ಡಿ ಆವಿ ಒತ್ತಡ. ಹಗುರ ದ್ರವ ಬೇಗ ಆವಿಯಾಗುತ್ತದೆ. ಟ್ಯಾಂಕಿನಿಂದ ಹಾರಿಹೋಗುವ ಆವಿ ಬಿಸಿಲಿನಲ್ಲಿ ಬೇರೆ ಹೊಗೆಯ ಜೊತೆ ಸೇರಿ ನೆಲಮಟ್ಟದ ಓಝೋನ್ ಉಂಟುಮಾಡುತ್ತದೆ, ಉಸಿರಾಟಕ್ಕೆ ಅದು ಕೆಟ್ಟದ್ದು. ಹಾಗಾಗಿ ಇಂಧನ ನಿಯಮಗಳು ಮಿತಿ ಹಾಕುತ್ತವೆ. ಯೂರೋಪಿನಲ್ಲಿ ಬೇಸಿಗೆಯ ಪೆಟ್ರೋಲ್‌ಗೆ ಸಾಮಾನ್ಯ ಮಿತಿ 60 ಕಿಲೋಪಾಸ್ಕಲ್. ಪೆಂಟೇನ್‌ನ ಆವಿ ಒತ್ತಡ 100 ಕಿಲೋಪಾಸ್ಕಲ್ ದಾಟುತ್ತದೆ. ಇನ್ನೊಂದು ಮಾತು. ಪೆಟ್ರೋಲ್‌ಗೆ ಶೇ 5-10ರಷ್ಟು ಎಥೆನಾಲ್ ಬೆರೆಸಿದರೂ ಆವಿ ಒತ್ತಡ ಏರುತ್ತದೆ. ಎಥೆನಾಲ್ ಬೆರೆಸುವ ದೇಶಗಳು ಹೆಚ್ಚಿದಂತೆ ಪೆಂಟೇನ್‌ಗೆ ಉಳಿಯುವ ಜಾಗ ಇನ್ನಷ್ಟು ಕಿರಿದಾಗುತ್ತಿದೆ.

## ಪರಮಾಣು ಅವೇ, ಆಕಾರ ಬೇರೆ

ಈ ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದು. ಪೆಂಟೇನ್‌ನಲ್ಲಿ ಐದು ಕಾರ್ಬನ್, ಹನ್ನೆರಡು ಹೈಡ್ರೋಜನ್. ಐಸೊಪೆಂಟೇನ್‌ನಲ್ಲೂ ಅಷ್ಟೇ. ಮೊದಲನೆಯದರಲ್ಲಿ ಕಾರ್ಬನ್‌ಗಳು ಒಂದೇ ಸಾಲಿನಲ್ಲಿವೆ. ಎರಡನೆಯದರಲ್ಲಿ ನಾಲ್ಕು ಸಾಲಿನಲ್ಲಿದ್ದು, ಒಂದು ಪಕ್ಕಕ್ಕೆ ಕವಲೊಡೆದಿದೆ. ಇಷ್ಟೇ ವ್ಯತ್ಯಾಸ. ಆದರೆ ಆಕ್ಟೇನ್ 62ರಿಂದ 92ಕ್ಕೆ ಜಿಗಿಯುತ್ತದೆ! ಹೆಕ್ಸೇನ್‌ನದು ಇನ್ನೂ ಹೆಚ್ಚಿನ ಬದಲಾವಣೆ. ನೇರ ಸಾಲಿನಲ್ಲಿದ್ದಾಗ 25. ಒಂದು ಕವಲು ಬಂದರೆ 73-74. ಎರಡು ಕವಲು ಬಂದರೆ 90ರ ಮೇಲೆ.

ಯಾಕೆ ಹೀಗೆ? ನೇರವಾದ ಸರಪಳಿಯ ನಡುವೆ ಇರುವ ಹೈಡ್ರೋಜನ್‌ಗಳನ್ನು ಕೀಳುವುದು ಸುಲಭ. ಬಿಸಿಯಾದಾಗ ಆಮ್ಲಜನಕ ಅಲ್ಲಿಗೆ ಅಂಟಿಕೊಂಡು, ಸರಪಳಿ ತನ್ನ ಮೇಲೆ ತಾನೇ ಬಾಗಿ, ಬೇಗ ಒಡೆಯುವ ಪೆರಾಕ್ಸೈಡ್‌ಗಳು ಹುಟ್ಟುತ್ತವೆ. ಅವು ಒಡೆದಂತೆ ಉರಿ ತಾನಾಗಿ ಶುರುವಾಗುತ್ತದೆ. ಕವಲೊಡೆದ ಅಣುವಿನಲ್ಲಿ ತುದಿಗಳು ಜಾಸ್ತಿ. ತುದಿಯ ಹೈಡ್ರೋಜನ್‌ಗಳ ಹಿಡಿತ ಬಿಗಿ. ಬಾಗಲು ಅನುಕೂಲವಾದ ಉದ್ದನೆಯ ಸಾಲೂ ಇರುವುದಿಲ್ಲ. ಹಾಗಾಗಿ ಅದು ಕಿಡಿ ಬರುವವರೆಗೆ ಕಾಯುತ್ತದೆ.

ನೇರ ಅಣುವನ್ನು ಕವಲೊಡೆದ ಅಣುವಾಗಿ ಬದಲಿಸುವ ಕೆಲಸಕ್ಕೆ ಐಸೊಮರೀಕರಣ ಎಂದು ಹೆಸರು. ಹಗುರ ನಾಫ್ತಾಗೆ ಬೆಲೆ ತರುವ ದಾರಿಗಳಲ್ಲಿ ಇದು ಅತಿ ಸರಳ. ಏನನ್ನೂ ಸೇರಿಸುವುದಿಲ್ಲ, ಏನನ್ನೂ ಕಳೆಯುವುದಿಲ್ಲ. ಇದಕ್ಕೆ ವೇಗವರ್ಧಕ ಬೇಕು. ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕು ಮಾಡುವ ವಸ್ತು ಅದು. ಇಲ್ಲಿ ಬಳಸುವ ವೇಗವರ್ಧಕಕ್ಕೆ ಎರಡು ಕೆಲಸ. ಅದರಲ್ಲಿರುವ ಪ್ಲಾಟಿನಂ ಅಣುವಿನಿಂದ ಎರಡು ಹೈಡ್ರೋಜನ್ ಕಿತ್ತು ಅದನ್ನು ಸಡಿಲ ಮಾಡುತ್ತದೆ. ಆಮ್ಲಗುಣದ ಭಾಗ ಕಾರ್ಬನ್‌ಗಳ ಜೋಡಣೆಯನ್ನು ಸರಿಸುತ್ತದೆ. ಆಮೇಲೆ ಪ್ಲಾಟಿನಂ ಹೈಡ್ರೋಜನ್‌ಗಳನ್ನು ಮತ್ತೆ ಅಣುವಿಗೆ ಸೇರಿಸುತ್ತದೆ.

ಇಲ್ಲಿ ಶಾಖ ಕಡಿಮೆ ಇದ್ದಷ್ಟೂ ಒಳ್ಳೆಯದು. ಸಾಮಾನ್ಯವಾಗಿ ಬಿಸಿ ಮಾಡಿದರೆ ಕೆಲಸ ಬೇಗ ಆಗುತ್ತದೆ, ಅಲ್ವಾ? ಬೇಗ ಆಗುವುದು ನಿಜ. ಆದರೆ ಈ ಕ್ರಿಯೆ ಎರಡೂ ದಿಕ್ಕಿಗೆ ನಡೆಯುತ್ತದೆ. ನೇರದ್ದು ಕವಲಾಗುವ ಹೊತ್ತಿಗೇ ಕವಲು ಮತ್ತೆ ನೇರವಾಗುತ್ತಿರುತ್ತದೆ. ಕೊನೆಗೆ ಒಂದು ಸಮತೋಲನದಲ್ಲಿ ನಿಲ್ಲುತ್ತದೆ. ತಂಪಾಗಿದ್ದರೆ ಸಮತೋಲನ ಕವಲಿನ ಕಡೆ ವಾಲುತ್ತದೆ, ಬಿಸಿಯಾದರೆ ನೇರದ ಕಡೆ. ಆದ್ದರಿಂದ ಕಡಿಮೆ ಶಾಖದಲ್ಲೂ ಕೆಲಸ ಮಾಡುವ ವೇಗವರ್ಧಕಕ್ಕೆ ಬೆಲೆ ಜಾಸ್ತಿ. ಕ್ಲೋರಿನ್ ಸೇರಿಸಿದ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಸುಮಾರು 120ರಿಂದ 180 ಡಿಗ್ರಿಯಲ್ಲೇ ಕೆಲಸ ಮಾಡುತ್ತದೆ. ಆದರೆ ಬಹಳ ಸೂಕ್ಷ್ಮ. ತೇವ ತಾಕಿದರೆ ಕ್ಲೋರಿನ್ ಕಳೆದುಕೊಂಡು ಶಾಶ್ವತವಾಗಿ ಸೊರಗುತ್ತದೆ. ಜಿಯೋಲೈಟ್ ಎಂಬ ಖನಿಜದಂಥ ವಸ್ತು ಗಟ್ಟಿ, ತಡೆದುಕೊಳ್ಳುತ್ತದೆ. ಆದರೆ ಅದಕ್ಕೆ 250 ಡಿಗ್ರಿಗಿಂತ ಮೇಲೆ ಬೇಕು. ಯಾವುದೇ ಬಳಸಿದರೂ ನಾಫ್ತಾದಿಂದ ಗಂಧಕವನ್ನು ಮೊದಲೇ ತೆಗೆದಿರಬೇಕು, ಇಲ್ಲದಿದ್ದರೆ ಪ್ಲಾಟಿನಂ ಕೆಲಸ ನಿಲ್ಲಿಸುತ್ತದೆ.

ಒಂದು ಸುತ್ತು ಹಾಯಿಸಿದರೆ ಆಕ್ಟೇನ್ 80ರಿಂದ 85ರ ಹತ್ತಿರ ಬರುತ್ತದೆ. ಬದಲಾಗದೆ ಉಳಿದ ಅಣುಗಳನ್ನು ಬೇರ್ಪಡಿಸಿ ಮತ್ತೆ ಒಳಗೆ ಕಳಿಸಿದರೆ 90ರ ಆಸುಪಾಸಿಗೆ ಏರುತ್ತದೆ. ಆದರೆ ಐಸೊಪೆಂಟೇನ್ ಕುದಿಯುವುದು 28 ಡಿಗ್ರಿಯಲ್ಲಿ, ಪೆಂಟೇನ್‌ಗಿಂತಲೂ ಬೇಗ. ಆಕ್ಟೇನ್ ಸಮಸ್ಯೆ ಬಗೆಹರಿದರೂ ಆವಿ ಒತ್ತಡದ್ದು ಸ್ವಲ್ಪ ಹೆಚ್ಚೇ ಆಗುತ್ತದೆ. ಬೇಸಿಗೆಯಲ್ಲಿ ರಿಫೈನರಿಗಳು ಎಷ್ಟು ಐಸೊಪೆಂಟೇನ್ ಬೆರೆಸಬಹುದು ಎಂದು ಲೆಕ್ಕ ಹಾಕುತ್ತಾ ಕೂರುವುದು ಇದಕ್ಕೇ.

## ಅಣುಗಳಿಗೊಂದು ಜರಡಿ

ನೇರ ಅಣುವನ್ನು ಕವಲಿನ ಅಣುವಿನಿಂದ ಬೇರ್ಪಡಿಸುವುದು ಹೇಗೆ? ಕೆಲವು ಜಿಯೋಲೈಟ್‌ಗಳಲ್ಲಿ ಎಲ್ಲವೂ ಒಂದೇ ಅಳತೆಯ ರಂಧ್ರಗಳಿರುತ್ತವೆ. ಸುಮಾರು ಅರ್ಧ ನ್ಯಾನೋಮೀಟರ್. ಒಂದು ಮಿಲಿಮೀಟರಿನ ಇಪ್ಪತ್ತು ಲಕ್ಷದಲ್ಲಿ ಒಂದು ಪಾಲು. ಜರಡಿಯ ಕಣ್ಣಿನಲ್ಲಿ ನೇರ ಕಡ್ಡಿ ತೂರುತ್ತದೆ, ಕವಲಿರುವ ಕಡ್ಡಿ ಹೊರಗೇ ಉಳಿಯುತ್ತದೆ. ಇಲ್ಲೂ ಹಾಗೇ. ನೇರ ಅಣುಗಳು ರಂಧ್ರದೊಳಗೆ ಹೊಕ್ಕು ಕೂರುತ್ತವೆ. ಕವಲಿನವು ಹಾಗೇ ಮುಂದೆ ಹರಿದುಹೋಗುತ್ತವೆ. ಆಮೇಲೆ ಒಳಗೆ ಕೂತವನ್ನು ಹೊರಗೆ ತೆಗೆಯುತ್ತಾರೆ.

ಇದರಿಂದ ದೊಡ್ಡ ಅನುಕೂಲವಿದೆ. ಪೆಟ್ರೋಲ್‌ಗೆ ಬೇಡವಾದ ನೇರ ಅಣುವೇ ಎಥಿಲೀನ್ ಮಾಡುವವರಿಗೆ ಅತಿ ಇಷ್ಟ. ಅದನ್ನು ಒಡೆದರೆ ಎಥಿಲೀನ್ ಜಾಸ್ತಿ ಸಿಗುತ್ತದೆ. ಕವಲಿನ ಅಣು ಒಡೆದರೆ ಮೀಥೇನ್‌ನಂಥ ಕಡಿಮೆ ಬೆಲೆಯವು ಹೆಚ್ಚು. ಹಾಗಾಗಿ ಪಕ್ಕಪಕ್ಕದಲ್ಲಿ ರಿಫೈನರಿ ಮತ್ತು ಪೆಟ್ರೋಕೆಮಿಕಲ್ ಕಾರ್ಖಾನೆ ಇದ್ದರೆ ಒಂದೇ ನಾಫ್ತಾವನ್ನು ಎರಡು ಪಾಲು ಮಾಡಬಹುದು. ಕವಲಿನದು ಪೆಟ್ರೋಲ್‌ಗೆ, ನೇರದ್ದು ಪ್ಲಾಸ್ಟಿಕ್‌ಗೆ. ಯಾವುದೂ ಕೆಟ್ಟ ಅಣುವಲ್ಲ, ತಪ್ಪು ಜಾಗಕ್ಕೆ ಹೋಗಿರುತ್ತದೆ ಅಷ್ಟೆ.

## ಒಡೆಯುವುದು

ಆ ಒಡೆಯುವ ಕೆಲಸ ನಡೆಯುವುದು ಸ್ಟೀಮ್ ಕ್ರ್ಯಾಕರ್ ಎಂಬ ಕುಲುಮೆಯಲ್ಲಿ. ನಾಫ್ತಾದ ಆವಿಯನ್ನು ನೀರಾವಿಯ ಜೊತೆ ಸೇರಿಸಿ, 800 ಡಿಗ್ರಿಗಿಂತ ಮೇಲೆ ಕಾದ ಕೊಳವೆಗಳಲ್ಲಿ ಹಾಯಿಸುತ್ತಾರೆ. ಒಳಗೆ ಇರುವುದು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು. ಹೊರಬಂದ ತಕ್ಷಣ ತಂಪು ಮಾಡುತ್ತಾರೆ, ಇಲ್ಲದಿದ್ದರೆ ಚೂರುಗಳು ಮತ್ತೆ ಕೂಡಿಕೊಂಡು ಮಸಿ, ಡಾಂಬರಿನಂತೆ ಆಗುತ್ತವೆ. ನೀರಾವಿ ಆ ಮಸಿಯನ್ನು ಕಡಿಮೆ ಮಾಡುತ್ತದೆ. ಪೂರ್ತಿ ತಪ್ಪಿಸಲು ಆಗುವುದಿಲ್ಲ. ಆಗಾಗ ಕುಲುಮೆ ನಿಲ್ಲಿಸಿ ಕೊಳವೆಯೊಳಗಿನ ಮಸಿ ಸುಡಬೇಕು.

ನಾಫ್ತಾ ಹಾಕಿದರೆ ತೂಕದಲ್ಲಿ ಸುಮಾರು ಶೇ 30 ಎಥಿಲೀನ್, ಶೇ 15 ಪ್ರೊಪಿಲೀನ್ ಸಿಗುತ್ತವೆ. ಜೊತೆಗೆ ರಬ್ಬರಿಗೆ ಬೇಕಾದ ಬ್ಯೂಟಾಡೈಯೀನ್, ಬೆಂಜೀನ್. ಈಥೇನ್ ಹಾಕಿದರೆ ಎಥಿಲೀನ್ ಸುಮಾರು ಶೇ 80. ಎಥಿಲೀನ್ ಒಂದೇ ಸಾಕು ಅನ್ನುವವರಿಗೆ ಈಥೇನ್ ಲಾಭ. ಪ್ರೊಪಿಲೀನ್, ಬ್ಯೂಟಾಡೈಯೀನ್, ಬೆಂಜೀನ್ ಎಲ್ಲವೂ ಬೇಕು ಅನ್ನುವವರಿಗೆ ನಾಫ್ತಾ. ಏಷ್ಯಾ, ಯೂರೋಪುಗಳಲ್ಲಿ ಇಂದಿಗೂ ಹೆಚ್ಚಾಗಿ ನಾಫ್ತಾವನ್ನೇ ಬಳಸುತ್ತಾರೆ.

## ಉಂಗುರ ಕಟ್ಟುವುದು

ಭಾರದ ನಾಫ್ತಾಗೆ, ಅಂದರೆ ಏಳು ಕಾರ್ಬನ್ ಮತ್ತು ಅದಕ್ಕಿಂತ ಉದ್ದದ ಅಣುಗಳಿಗೆ, ಹಳೆಯ ಒಳ್ಳೆಯ ದಾರಿ ಇದೆ. ವ್ಲಾಡಿಮಿರ್ ಹೆನ್ಸೆಲ್ ರೂಪಿಸಿದ ಪ್ಲಾಟ್‌ಫಾರ್ಮಿಂಗ್ ಪದ್ಧತಿಯ ಮೊದಲ ಘಟಕ 1949ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಸುಮಾರು 500 ಡಿಗ್ರಿಯಲ್ಲಿ ಪ್ಲಾಟಿನಂ ಮೇಲೆ ಹಾಯಿಸಿದರೆ ಸರಪಳಿಗಳು ಆರು ಕಾರ್ಬನ್‌ಗಳ ಉಂಗುರವಾಗುತ್ತವೆ. ಟಾಲ್ಯೂಯೀನ್, ಝೈಲೀನ್‌ಗಳು ಹುಟ್ಟುತ್ತವೆ. ಆಕ್ಟೇನ್ 100ರ ಹತ್ತಿರ. ಹೈಡ್ರೋಜನ್ ಕೂಡ ಬೋನಸ್ಸಾಗಿ ಸಿಗುತ್ತದೆ.

ಹಗುರ ನಾಫ್ತಾಗೆ ಈ ದಾರಿ ಹಿಡಿಸುವುದಿಲ್ಲ. ಐದು ಕಾರ್ಬನ್‌ನಿಂದ ಆರರ ಉಂಗುರ ಕಟ್ಟಲು ಆಗುವುದಿಲ್ಲ. ಆರು ಕಾರ್ಬನ್‌ನಿಂದ ಕಟ್ಟಿದರೆ ಬರುವುದು ಬೆಂಜೀನ್. ಅದು ಕ್ಯಾನ್ಸರ್ ತರುವ ವಸ್ತು. ಯೂರೋಪಿನ ಪೆಟ್ರೋಲ್‌ನಲ್ಲಿ ಶೇ 1ಕ್ಕಿಂತ ಹೆಚ್ಚು ಇರುವಂತಿಲ್ಲ. ಅಮೆರಿಕದಲ್ಲಿ 2011ರಿಂದ ಸರಾಸರಿ ಶೇ 0.62ರ ಮಿತಿ.

ಇದಕ್ಕೆ ಇನ್ನೊಂದು ಜಿಯೋಲೈಟ್ ನೆರವಿಗೆ ಬರುತ್ತದೆ. ಮೊಬಿಲ್ ಕಂಪನಿ ಕಂಡುಹಿಡಿದ ಝಡ್‌ಎಸ್‌ಎಂ-5. ಇದು ಹಗುರ ಅಣುಗಳನ್ನು ಮೊದಲು ಸಣ್ಣ ಚೂರು ಮಾಡುತ್ತದೆ. ಚೂರುಗಳನ್ನು ಮತ್ತೆ ಜೋಡಿಸಿ ಉಂಗುರ ಕಟ್ಟುತ್ತದೆ. ಗ್ಯಾಲಿಯಂ ಅಥವಾ ಸತುವು ಸೇರಿಸಿದರೆ ಈ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ. ಅದರ ರಂಧ್ರಗಳು ಬೆಂಜೀನ್, ಟಾಲ್ಯೂಯೀನ್, ಝೈಲೀನ್‌ಗಳಷ್ಟು ದೊಡ್ಡ ಅಣುಗಳನ್ನು ಹೊರಬಿಡುತ್ತವೆ, ಅದಕ್ಕಿಂತ ತೀರಾ ದೊಡ್ಡವು ಬೆಳೆಯಲು ಜಾಗ ಕೊಡುವುದಿಲ್ಲ. ಮಸಿಯೂ ಕಡಿಮೆ. ಬೆಂಜೀನನ್ನು ಪೆಟ್ರೋಲ್‌ಗೆ ಹಾಕದೆ ಬೇರ್ಪಡಿಸಿ ರಾಸಾಯನಿಕ ಕಾರ್ಖಾನೆಗೆ ಮಾರಿದರೆ ಒಳ್ಳೆಯ ಬೆಲೆ. ಕೊರತೆ ಎಂದರೆ ಗಣನೀಯ ಪಾಲು ಮೀಥೇನ್, ಈಥೇನ್ ಆಗಿ ಹೋಗುತ್ತದೆ. ಅವಕ್ಕೂ ಅಲ್ಲೇ ಬಳಕೆ ಇದ್ದರೆ ಮಾತ್ರ ಲೆಕ್ಕ ಕೂಡುತ್ತದೆ.

## ಜೋಡಿಸುವುದು

ಸಣ್ಣದನ್ನು ದೊಡ್ಡದು ಮಾಡಿದರೆ ಆವಿ ಒತ್ತಡದ ತೊಂದರೆಯೇ ಇರುವುದಿಲ್ಲ. ಆ್ಯಲ್ಕೈಲೇಶನ್ ಎಂಬ ಕ್ರಮದಲ್ಲಿ ಕವಲೊಡೆದ ಬ್ಯೂಟೇನ್ ಆದ ಐಸೊಬ್ಯೂಟೇನನ್ನು, ಎರಡು ಹೈಡ್ರೋಜನ್ ಕಡಿಮೆ ಇರುವ ಬ್ಯೂಟೀನ್ ಜೊತೆ ಬಲವಾದ ಆಮ್ಲದಲ್ಲಿ ಕೂಡಿಸುತ್ತಾರೆ. ಬರುವ ದ್ರವದ ಆಕ್ಟೇನ್ 95ರ ಆಸುಪಾಸು, ಆವಿ ಒತ್ತಡ ಕಡಿಮೆ, ಬೆಂಜೀನ್ ಇಲ್ಲ. ಪೆಟ್ರೋಲ್‌ಗೆ ಬೆರೆಸಲು ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಎರಡನೇ ಮಹಾಯುದ್ಧದ ವಿಮಾನಗಳ ಪೆಟ್ರೋಲ್‌ಗೆ ಬಲ ಕೊಟ್ಟಿದ್ದು ಇದೇ. ಮಿಕ್ಕ ಬ್ಯೂಟೇನನ್ನು ಐಸೊಮರೀಕರಣದಿಂದ ಐಸೊಬ್ಯೂಟೇನ್ ಮಾಡಿ ಇಲ್ಲಿಗೆ ಕಳಿಸಬಹುದು. ಪೆಂಟೇನ್‌ನಿಂದ ಹೈಡ್ರೋಜನ್ ಕಿತ್ತು ಪೆಂಟೀನ್ ಮಾಡಿದರೆ ಬ್ಯೂಟೀನ್ ಬದಲು ಅದನ್ನೂ ಬಳಸಬಹುದು.

ತೊಡಕಿರುವುದು ಆಮ್ಲದಲ್ಲಿ. ಒಂದೋ ಸಲ್ಫ್ಯೂರಿಕ್ ಆಮ್ಲ, ಇಲ್ಲವೇ ಹೈಡ್ರೋಫ್ಲೋರಿಕ್ ಆಮ್ಲ. ಎರಡನೆಯದು ಸೋರಿದರೆ ನೆಲಕ್ಕೆ ಅಂಟಿದಂತೆ ಹರಡುವ ವಿಷದ ಮೋಡ. 2019ರ ಜೂನ್‌ನಲ್ಲಿ ಫಿಲಡೆಲ್ಫಿಯಾದ ರಿಫೈನರಿಯೊಂದರ ಇಂಥ ಘಟಕದಲ್ಲಿ ಸ್ಫೋಟವಾದಾಗ ಆ ಆಮ್ಲ ಗಾಳಿಗೆ ಸೇರಿತು. ಜನ ವಾಸಿಸುವ ಜಾಗದ ಹತ್ತಿರ ಇದನ್ನು ಇಟ್ಟುಕೊಳ್ಳುವುದು ಚಿಂತೆಯ ವಿಷಯವೇ. ಬೇಗ ಆವಿಯಾಗದ ದ್ರವ ಲವಣಗಳನ್ನು ಬಳಸುವ ಹೊಸ ಪದ್ಧತಿಗೆ ಶೆವ್ರಾನ್ ತನ್ನ ಸಾಲ್ಟ್ ಲೇಕ್ ಸಿಟಿ ರಿಫೈನರಿಯನ್ನು 2021ರಲ್ಲಿ ಬದಲಿಸಿತು.

ಇನ್ನೂ ಉದ್ದಕ್ಕೆ ಜೋಡಿಸಿದರೆ ವಿಮಾನ ಇಂಧನ, ಡೀಸೆಲ್ ಕೂಡ ಆಗುತ್ತವೆ. ಬ್ಯಾಟರಿ ಕಾರುಗಳು ಹೆಚ್ಚಿದಂತೆ ಪೆಟ್ರೋಲ್ ಬೇಡಿಕೆ ತಗ್ಗಬಹುದು, ದೂರದ ವಿಮಾನಗಳಿಗೆ ಮಾತ್ರ ದ್ರವ ಇಂಧನ ಬೇಕೇ ಬೇಕು. ಹಾಗಾಗಿ ಈ ದಾರಿಯ ಮೇಲೆ ಈಗ ಆಸಕ್ತಿ. ಆದರೆ ಹಂತಗಳು ಬಹಳ. ಮೊದಲು ಸುಮಾರು 600 ಡಿಗ್ರಿಯಲ್ಲಿ ಹೈಡ್ರೋಜನ್ ಕೀಳಬೇಕು. ಆಮೇಲೆ ಜಿಯೋಲೈಟ್ ಮೇಲೆ ಜೋಡಿಸಬೇಕು. ಕೊನೆಗೆ ಹೈಡ್ರೋಜನ್ ಮತ್ತೆ ಸೇರಿಸಬೇಕು. ಪ್ರತಿ ಹಂತದಲ್ಲೂ ಒಂದಿಷ್ಟು ಸರಕು, ಒಂದಿಷ್ಟು ಶಕ್ತಿ ಕಳೆದುಹೋಗುತ್ತದೆ.

## ಏನೂ ಬದಲಿಸದೆ

ಕೆಲವೊಮ್ಮೆ ಇದ್ದ ಹಾಗೇ ಮಾರುವುದೇ ಜಾಣತನ. ಕೆನಡಾದ ಆಲ್ಬರ್ಟಾದಲ್ಲಿ ಸಿಗುವ ಬಿಟುಮೆನ್ ಗಟ್ಟಿ ಡಾಂಬರಿನಂತೆ, ಪೈಪಿನಲ್ಲಿ ಹರಿಯುವುದಿಲ್ಲ. ಅದಕ್ಕೆ ಶೇ 30ರಷ್ಟು ಹಗುರ ದ್ರವ ಬೆರೆಸಿ ತೆಳ್ಳಗೆ ಮಾಡುತ್ತಾರೆ. ಇದಕ್ಕಾಗಿ ಕೊಚಿನ್ ಎಂಬ ಪೈಪ್‌ಲೈನಿನ ಹರಿವನ್ನೇ 2014ರಲ್ಲಿ ತಿರುಗಿಸಿ, ಅಮೆರಿಕದಿಂದ ಆಲ್ಬರ್ಟಾಗೆ ಕಂಡೆನ್ಸೇಟ್ ಕಳಿಸಲು ಶುರು ಮಾಡಿದರು. ಪೆಂಟೇನ್ ಥರ್ಮೋಕೋಲ್ ಉಬ್ಬಿಸಲು, ಅದರ ಉಂಗುರ ರೂಪವಾದ ಸೈಕ್ಲೋಪೆಂಟೇನ್ ಫ್ರಿಜ್‌ನ ಗೋಡೆಯ ಫೋಮ್‌ಗೆ, ಹೆಕ್ಸೇನ್ ಸೋಯಾದಿಂದ ಎಣ್ಣೆ ತೆಗೆಯಲು ಬಳಕೆಯಾಗುತ್ತವೆ. ಆದರೆ ಇವಕ್ಕೆ ಬೇಕಾಗುವುದು ಸ್ವಲ್ಪವೇ.

## ಯಾವ ದಾರಿ ಯಾರಿಗೆ?

ಎಲ್ಲರಿಗೂ ಹೊಂದುವ ಒಂದು ಉತ್ತರವಿಲ್ಲ. ಪೆಟ್ರೋಲ್‌ಗೂ ನಾಫ್ತಾಗೂ ಬೆಲೆಯ ಅಂತರ ಎಷ್ಟು, ಆವಿ ಒತ್ತಡದ ಮಿತಿ ಎಷ್ಟು ಬಿಗಿ, ಪಕ್ಕದಲ್ಲಿ ಪೆಟ್ರೋಕೆಮಿಕಲ್ ಕಾರ್ಖಾನೆ ಇದೆಯೇ, ಹೈಡ್ರೋಜನ್ ಮಿಕ್ಕುತ್ತಿದೆಯೇ ಇಲ್ಲಾ ಸಾಲುತ್ತಿಲ್ಲವೇ ಎಂದು ನೋಡಬೇಕು. ಹೆಚ್ಚುವರಿ ಸರಕು ಎಷ್ಟು ವರ್ಷ ಬರುತ್ತದೆ ಅನ್ನುವುದಂತೂ ಬಹಳ ಮುಖ್ಯ. ಶೇಲ್ ಬಾವಿಗಳ ಉತ್ಪಾದನೆ ಮೊದಲ ವರ್ಷವೇ ಜೋರಾಗಿ ಇಳಿಯುತ್ತದೆ. ಘಟಕಗಳು ದಶಕಗಟ್ಟಲೆ ಓಡಬೇಕು.

ಇಂಗಾಲದ ಲೆಕ್ಕವೂ ಈಗ ಸೇರಿದೆ. ಐಸೊಮರೀಕರಣಕ್ಕೆ ಹೋಲಿಸಿದರೆ ಸ್ಟೀಮ್ ಕ್ರ್ಯಾಕರ್ ಕುಲುಮೆಗಳಿಗೆ ವಿಪರೀತ ಶಾಖ ಬೇಕು. ಅಲ್ಲಿಂದ ಹೊರಬರುವ ಇಂಗಾಲದ ಡೈಆಕ್ಸೈಡೂ ಅಷ್ಟೇ ಜಾಸ್ತಿ. 2024ರ ಏಪ್ರಿಲ್‌ನಲ್ಲಿ ಜರ್ಮನಿಯ ಲುಡ್ವಿಗ್ಸ್‌ಹಾಫನ್‌ನಲ್ಲಿ ಬಿಎಎಸ್‌ಎಫ್, ಸಾಬಿಕ್, ಲಿಂಡೆ ಕಂಪನಿಗಳು ಸೇರಿ ವಿದ್ಯುತ್ತಿನಿಂದ ಕಾಯುವ ಕುಲುಮೆಗಳ ಪ್ರಾಯೋಗಿಕ ಘಟಕ ಶುರು ಮಾಡಿದವು. ಎರಡು ಕುಲುಮೆಗಳು, 6 ಮೆಗಾವಾಟ್ ವಿದ್ಯುತ್, ಗಂಟೆಗೆ ಸುಮಾರು 4 ಟನ್ ಹೈಡ್ರೋಕಾರ್ಬನ್. ಒಂದರಲ್ಲಿ ಕೊಳವೆಗೇ ವಿದ್ಯುತ್ ಹಾಯಿಸಿ ಕಾಯಿಸುತ್ತಾರೆ. ಇನ್ನೊಂದರಲ್ಲಿ ಸುತ್ತ ಇಟ್ಟ ಹೀಟರ್‌ಗಳು ಶಾಖ ಕೊಡುತ್ತವೆ. ಮಾಮೂಲಿ ಕುಲುಮೆ ಉರಿಸುವುದು ನಾಫ್ತಾ ಒಡೆದಾಗ ಬರುವ ಮೀಥೇನನ್ನೇ. ವಿದ್ಯುತ್ ಬಂದರೆ ಆ ಮೀಥೇನ್ ಉಳಿದುಬಿಡುತ್ತದೆ. ಅದನ್ನು ಹೈಡ್ರೋಜನ್ ಮಾಡಬಹುದು, ಆದರೆ ಅದಕ್ಕೆ ಬೇಕಾದ ಘಟಕವನ್ನೂ ಕುಲುಮೆಯ ಜೊತೆಗೇ ಕಟ್ಟಬೇಕಾಗುತ್ತದೆ.